ಪ್ರವಾಸದಲ್ಲಿ ಎಲೆಕ್ಟ್ರಿಕ್ ಸೈಕಲ್: ಗುರುತಿಸುವುದರಿಂದ ಮರಳಿಸುವವರೆಗೆ

ಕನ್ನಡದಲ್ಲಿ ಬೈಕ್ ಎಂದರೆ ಮೋಟಾರ್ ಸೈಕಲ್. ಆದರೆ ಪ್ರವಾಸಿ ತಾಣಗಳ ಬಾಡಿಗೆ ಫಲಕಗಳಲ್ಲಿ ‘ಇ-ಬೈಕ್’ ಎಂದು ಬರೆದಿದ್ದರೆ ಅದು ಹೆಚ್ಚಾಗಿ ಪೆಡಲ್ ತುಳಿಯುವ, ತುಳಿತಕ್ಕೆ ಮೋಟಾರು ನೆರವಾಗುವ ಸೈಕಲ್ಲೇ ಆಗಿರುತ್ತದೆ. ಕೆಲವು ಕಡೆ ಮಾತ್ರ ಅದೇ ಹೆಸರಿನಲ್ಲಿ ಎಲೆಕ್ಟ್ರಿಕ್ ಸ್ಕೂಟರುಗಳನ್ನೂ ಬಾಡಿಗೆಗೆ ಕೊಡುತ್ತಾರೆ. ಇವೆರಡರ ವ್ಯತ್ಯಾಸವನ್ನು ಮೊದಲೇ ತಿಳಿದುಕೊಳ್ಳಬೇಕು, ಏಕೆಂದರೆ ಚಾಲನಾ ಪರವಾನಗಿ ಬೇಕೇ, ಸೈಕಲ್ ಪಥದಲ್ಲಿ ಹೋಗಬಹುದೇ, ಅಪಘಾತವಾದರೆ ಪ್ರವಾಸ ವಿಮೆ ಕೈಹಿಡಿಯುತ್ತದೆಯೇ ಎಂಬ ಮೂರು ಪ್ರಶ್ನೆಗಳ ಉತ್ತರವೂ ಇದರ ಮೇಲೇ ನಿಂತಿದೆ. ಈ ಲೇಖನವು ಪೆಡಲ್ ಇರುವ ಎಲೆಕ್ಟ್ರಿಕ್ ಸೈಕಲ್ಲನ್ನು ಕುರಿತದ್ದು.

ನಡೆದರೆ ಕಾಲು ಸೋಲುವಷ್ಟು ದೂರ, ಕಾರಿನಲ್ಲಿ ಹೋದರೆ ಕಣ್ಣಿಗೆ ಏನೂ ದಕ್ಕದಷ್ಟು ವೇಗ, ಇವೆರಡರ ನಡುವಿನ ಸ್ಥಳಗಳಿಗೆ ಇದಕ್ಕಿಂತ ಒಳ್ಳೆಯ ವಾಹನ ನನಗೆ ತಿಳಿದಿಲ್ಲ. ಮಂಡಿ ನೋವಿರುವವರು, ಸೈಕಲ್ ಬಿಟ್ಟು ಇಪ್ಪತ್ತು ವರ್ಷವಾದವರು ಕೂಡ ಏರುದಾರಿಯ ಊರೊಂದನ್ನು ನಿರಾಳವಾಗಿ ಸುತ್ತಿ ಬರಬಹುದು. ಆದರೆ ಹೊರಡುವ ಮೊದಲು ಹತ್ತು ನಿಮಿಷ ಸೈಕಲ್ಲಿನ ಪಕ್ಕ ನಿಂತು ನೋಡುವ ತಾಳ್ಮೆ ಬೇಕು.

ಎಲ್ಲಿ ಸಿಗುತ್ತದೆ, ಹೇಗೆ ಗುರುತಿಸುವುದು

ಪ್ರವಾಸಿಗೆ ಎಲೆಕ್ಟ್ರಿಕ್ ಸೈಕಲ್ ಸಿಗುವ ದಾರಿಗಳು ಮುಖ್ಯವಾಗಿ ಮೂರು. ನಿಗದಿತ ನಿಲ್ದಾಣಗಳಲ್ಲಿ ಕೊಂಡಿಗೆ ಸಿಕ್ಕಿಸಿ ನಿಲ್ಲಿಸಿರುವ ಸಾರ್ವಜನಿಕ ಸೈಕಲ್ಲುಗಳು ಮೊದಲನೆಯವು. ರಸ್ತೆ ಬದಿಯಲ್ಲಿ ಬಿಡಿಯಾಗಿ ನಿಂತಿದ್ದು ಮೊಬೈಲ್ ಆಪ್ ಮೂಲಕ ಬೀಗ ತೆರೆದುಕೊಳ್ಳುವಂಥವು ಎರಡನೆಯವು. ಬಾಡಿಗೆ ಅಂಗಡಿ ಅಥವಾ ವಸತಿಗೃಹದವರು ದಿನದ ಲೆಕ್ಕದಲ್ಲಿ ಕೊಡುವಂಥವು ಮೂರನೆಯವು. ನಗರದೊಳಗೆ ಅರ್ಧ ಗಂಟೆಯ ಓಡಾಟಕ್ಕೆ ಮೊದಲೆರಡು ಅನುಕೂಲ. ಅರ್ಧ ದಿನ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಬೇಕೆಂದರೆ, ಅಥವಾ ಊರ ಹೊರಗಿನ ದಾರಿ ಹಿಡಿಯುವುದಿದ್ದರೆ, ಅಂಗಡಿಯ ಸೈಕಲ್ಲೇ ಸರಿ ಎಂಬುದು ನನ್ನ ಅಭಿಪ್ರಾಯ. ನಿಮಿಷದ ಲೆಕ್ಕದ ಬಾಡಿಗೆಯು ದೂರದ ಸವಾರಿಯಲ್ಲಿ ಅರಿವಿಗೆ ಬಾರದಂತೆ ಏರುತ್ತಾ ಹೋಗುತ್ತದೆ. ಜೊತೆಗೆ, ಸಾರ್ವಜನಿಕ ಸೈಕಲ್ಲುಗಳನ್ನು ನಿಗದಿತ ವಲಯದ ಹೊರಗೆ ನಿಲ್ಲಿಸಲು ಬಿಡುವುದಿಲ್ಲ, ಬಿಟ್ಟರೂ ದಂಡ ಹಾಕುತ್ತಾರೆ.

ನಿಲ್ದಾಣದಲ್ಲಿ ಸಾಲಾಗಿ ನಿಂತಿರುವ ಸೈಕಲ್ಲುಗಳಲ್ಲಿ ಯಾವುದು ಎಲೆಕ್ಟ್ರಿಕ್ ಎಂಬುದನ್ನು ಕೆಲವು ನಗರಗಳಲ್ಲಿ ಬಣ್ಣವೇ ಹೇಳುತ್ತದೆ. ಪ್ಯಾರಿಸಿನ ವೆಲಿಬ್ ಎಂಬ ಸಾರ್ವಜನಿಕ ಸೈಕಲ್ ವ್ಯವಸ್ಥೆ 2007ರಲ್ಲಿ ಆರಂಭವಾಯಿತು. ಅಲ್ಲಿ ಈಗ ಹಸಿರು ಬಣ್ಣದವು ಸಾಧಾರಣ ಸೈಕಲ್ಲುಗಳು, ನೀಲಿ ಬಣ್ಣದವು ಎಲೆಕ್ಟ್ರಿಕ್. ಅಲ್ಲಿನ ಸವಾರರ ನಡುವೆ ಇನ್ನೊಂದು ರೂಢಿಯೂ ಇದೆ: ಕೆಟ್ಟ ಸೈಕಲ್ಲನ್ನು ಮರಳಿಸುವವರು ಅದರ ಸೀಟನ್ನು ಹಿಂದುಮುಂದಾಗಿ ತಿರುಗಿಸಿಟ್ಟು ಹೋಗುತ್ತಾರೆ. ಸೀಟು ಹಾಗೆ ತಿರುಗಿದ್ದರೆ ಅದನ್ನು ಬಿಟ್ಟು ಪಕ್ಕದ್ದನ್ನು ತೆಗೆದುಕೊಳ್ಳುವುದು ಜಾಣತನ. ಬಣ್ಣದ ಸುಳಿವು ಇಲ್ಲದ ಕಡೆ ಆಪ್‌ನ ನಕ್ಷೆಯಲ್ಲಿ ಮಿಂಚಿನ ಗುರುತನ್ನು ಹುಡುಕಿರಿ. ಅದರ ಪಕ್ಕದಲ್ಲೇ ಬ್ಯಾಟರಿಯ ಶೇಕಡಾವಾರು ಅಥವಾ ಇನ್ನು ಎಷ್ಟು ಕಿಲೋಮೀಟರ್ ಸಾಗಬಹುದು ಎಂಬ ಅಂದಾಜು ಸಾಮಾನ್ಯವಾಗಿ ಕಾಣುತ್ತದೆ.

ಆಪ್ ಇಲ್ಲದೆ ಬರಿಗಣ್ಣಿನಿಂದ ಗುರುತಿಸುವುದೂ ಕಷ್ಟವಲ್ಲ. ಹ್ಯಾಂಡಲಿನ ಕೆಳಗಿನಿಂದ ಪೆಡಲುಗಳ ಕಡೆಗೆ ಓರೆಯಾಗಿ ಇಳಿಯುವ ಕೊಳವೆಯು ತೊಡೆಯಷ್ಟು ದಪ್ಪಗಿದ್ದು, ಅದರಲ್ಲಿ ಬೀಗದ ರಂಧ್ರವೊಂದು ಕಂಡರೆ ಬ್ಯಾಟರಿ ಅಲ್ಲಿದೆ ಎಂದರ್ಥ. ಕೆಲವದರಲ್ಲಿ ಹಿಂದಿನ ಕ್ಯಾರಿಯರ್ ಅಡಿಯಲ್ಲಿ ಚಪ್ಪಟೆ ಪೆಟ್ಟಿಗೆಯಂತೆ ಇರುತ್ತದೆ. ಮೋಟಾರು ಎರಡು ಕಡೆ ಇರಬಹುದು. ಚಕ್ರದ ನಡುವೆ ಡಬ್ಬಿಯಂತೆ ಉಬ್ಬಿದ್ದರೆ ಅದು ಚಕ್ರದ ಮೋಟಾರು. ಪೆಡಲುಗಳು ಕೂಡುವ ಜಾಗದಲ್ಲಿ ಮುಷ್ಟಿಗಿಂತ ದೊಡ್ಡದಾದ ಗಟ್ಟಿ ಕವಚವಿದ್ದರೆ ಅದು ನಡು ಮೋಟಾರು. ಗುಡ್ಡಗಾಡಿಗೆ ಹೊರಟವರು ಆಯ್ಕೆ ಇದ್ದರೆ ನಡು ಮೋಟಾರನ್ನೇ ಕೇಳಿ ಪಡೆಯಬೇಕು. ಅದರ ಶಕ್ತಿ ಚೈನಿನ ಮೂಲಕ, ಗೇರುಗಳನ್ನು ದಾಟಿ ಚಕ್ರಕ್ಕೆ ಹೋಗುವುದರಿಂದ ಕಡಿದಾದ ಏರಿನಲ್ಲಿ ಸಣ್ಣ ಗೇರಿಗೆ ಇಳಿಸಿಕೊಂಡು ಮೋಟಾರಿನ ಶ್ರಮವನ್ನೂ ತಗ್ಗಿಸಬಹುದು. ಸಮತಟ್ಟಾದ ನಗರಕ್ಕೆ ಚಕ್ರದ ಮೋಟಾರು ಧಾರಾಳವಾಗಿ ಸಾಕು.

ಕಾನೂನು ಎಲ್ಲೆಡೆ ಒಂದೇ ಅಲ್ಲ

ಯುರೋಪಿಯನ್ ಒಕ್ಕೂಟದಲ್ಲಿ 250 ವ್ಯಾಟ್ ಮೀರದ ಮೋಟಾರು, ತುಳಿದಾಗ ಮಾತ್ರ ನೆರವು, ಗಂಟೆಗೆ 25 ಕಿಲೋಮೀಟರ್ ತಲುಪಿದ ಕೂಡಲೇ ನೆರವು ನಿಲ್ಲುವುದು ಎಂಬ ಮಿತಿಯೊಳಗಿನ ಸೈಕಲ್ಲಿಗೆ ಸಾಧಾರಣ ಸೈಕಲ್ಲಿನ ನಿಯಮಗಳೇ ಅನ್ವಯಿಸುತ್ತವೆ. ಬ್ರಿಟನ್ನಿನ ಮಿತಿಯೂ ಬಹುತೇಕ ಇದೇ, ಆದರೆ ಅಲ್ಲಿ ಸವಾರನಿಗೆ ಕನಿಷ್ಠ 14 ವರ್ಷವಾಗಿರಬೇಕು. ಜಪಾನಿನಲ್ಲಿ ನೆರವು ಗಂಟೆಗೆ 24 ಕಿಲೋಮೀಟರಿಗೆ ಪೂರ್ತಿ ನಿಂತುಹೋಗಬೇಕು. ಅಮೆರಿಕದ ಅನೇಕ ರಾಜ್ಯಗಳು ಇವುಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿವೆ: ತುಳಿದಾಗ ಮಾತ್ರ ನೆರವಾಗುವ ಮೊದಲ ದರ್ಜೆಗೂ, ತುಳಿಯದೆಯೂ ಓಡಬಲ್ಲ ಎರಡನೆಯ ದರ್ಜೆಗೂ ನೆರವಿನ ಮಿತಿ ಗಂಟೆಗೆ 20 ಮೈಲಿ, ಅಂದರೆ ಸುಮಾರು 32 ಕಿಲೋಮೀಟರ್, ಮೂರನೆಯ ದರ್ಜೆಗೆ 28 ಮೈಲಿ, ಅಂದರೆ ಸುಮಾರು 45 ಕಿಲೋಮೀಟರ್. ಇದೇ 45 ಕಿಲೋಮೀಟರಿನ ಸೈಕಲ್ ಜರ್ಮನಿಯಲ್ಲಾದರೆ ವಿಮೆಯ ಫಲಕ, ಹೆಲ್ಮೆಟ್ ಮತ್ತು ಪರವಾನಗಿ ಬೇಡುವ ವಾಹನವಾಗಿಬಿಡುತ್ತದೆ.

ಆದ್ದರಿಂದ ಬಾಡಿಗೆಗೆ ಕೊಡುವವರನ್ನು ನೇರವಾಗಿ ಕೇಳಿರಿ: ನೆರವು ಎಷ್ಟು ವೇಗಕ್ಕೆ ನಿಲ್ಲುತ್ತದೆ, ತುಳಿಯದೆಯೂ ಓಡುತ್ತದೆಯೇ, ಹೆಲ್ಮೆಟ್ ಕಡ್ಡಾಯವೇ, ಪಾದಚಾರಿ ಪಥ ಮತ್ತು ಉದ್ಯಾನಗಳೊಳಗೆ ಹೋಗಬಹುದೇ. ಕಡ್ಡಾಯವಿಲ್ಲದಿದ್ದರೂ ಹೆಲ್ಮೆಟ್ ಹಾಕಿಕೊಳ್ಳಿ ಎಂದು ಕಳಕಳಿಯಿಂದ ಹೇಳುತ್ತೇನೆ, ಏಕೆಂದರೆ ನಾವು ಅಲ್ಲಿನ ದಾರಿಗೆ ಹೊಸಬರು. ಪ್ರವಾಸ ವಿಮೆಯ ಪತ್ರದಲ್ಲಿ ‘ಮೋಟಾರು ಇರುವ ದ್ವಿಚಕ್ರ’ದ ಬಗ್ಗೆ ಏನು ಬರೆದಿದೆ ಎಂಬುದನ್ನು ಊರಿನಿಂದ ಹೊರಡುವ ಮೊದಲೇ ಓದಿಕೊಳ್ಳಬೇಕು.

ಬಾಡಿಗೆಗೆ ಪಡೆಯುವಾಗ

ಆಪ್ ಮೂಲಕ ಪಡೆಯುವುದಾದರೆ ನೋಂದಣಿಯನ್ನು ವೈ-ಫೈ ಇರುವ ಕೋಣೆಯಲ್ಲೇ ಮುಗಿಸಿಕೊಳ್ಳಿ. ದೃಢೀಕರಣದ ಸಂದೇಶ ಬರಬೇಕಾದ ಮೊಬೈಲ್ ಸಂಖ್ಯೆ ವಿದೇಶದಲ್ಲಿ ಚಾಲ್ತಿಯಲ್ಲಿರದೆ, ಸೈಕಲ್ಲಿನ ಮುಂದೆ ಬಿಸಿಲಲ್ಲಿ ನಿಂತು ಪರದಾಡುವುದು ಸಾಮಾನ್ಯ ಸಂಗತಿ. ಕೆಲವು ಕಂಪನಿಗಳು ಕಾರ್ಡಿನಲ್ಲಿ ಠೇವಣಿಯ ಮೊತ್ತವನ್ನು ತಾತ್ಕಾಲಿಕವಾಗಿ ತಡೆಹಿಡಿಯುತ್ತವೆ. ಅದು ಬಿಡುಗಡೆಯಾಗಲು ಕೆಲವು ದಿನ ಬೇಕಾಗಬಹುದಾದ್ದರಿಂದ ಖರ್ಚಿಗೆ ಇರುವ ಒಂದೇ ಕಾರ್ಡನ್ನು ಅದಕ್ಕೆ ಕೊಡಬೇಡಿ. ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡುವ ಮುನ್ನ ಅದರ ಅಂಚನ್ನು ಉಗುರಿನಿಂದ ಒಮ್ಮೆ ಸವರಿ ನೋಡಿ. ಮೂಲ ಕೋಡಿನ ಮೇಲೆ ಇನ್ನೊಂದು ಚೀಟಿ ಅಂಟಿಸಿರುವ ಹಾಗೆ ಕಂಡರೆ ಮುಟ್ಟಬೇಡಿ, ಮತ್ತು ಯಾವಾಗಲೂ ಆಯಾ ಕಂಪನಿಯ ಆಪ್‌ನೊಳಗಿನಿಂದಲೇ ಸ್ಕ್ಯಾನ್ ಮಾಡಿ.

ಅಂಗಡಿಯಲ್ಲಿ ಪಡೆಯುವುದಾದರೆ ಪಾಸ್‌ಪೋರ್ಟಿನ ಮೂಲ ಪ್ರತಿಯನ್ನು ಒತ್ತೆಯಿಡುವ ಬದಲು ನಕಲು ಪ್ರತಿ ಮತ್ತು ಹಣದ ಠೇವಣಿ ನಡೆಯುತ್ತದೆಯೇ ಎಂದು ವಿಚಾರಿಸಿ. ಇರುವ ಗೀರು, ಸೀಳು, ಬಾಗಿದ ಪೆಡಲುಗಳ ಚಿತ್ರ ತೆಗೆದುಕೊಂಡು, ಅಂಗಡಿಯವರ ಎದುರಿಗೇ ತೋರಿಸಿ. ಬೀಗ, ಬ್ಯಾಟರಿಯ ಕೀಲಿ, ದೊಡ್ಡ ಪ್ರವಾಸವಾದರೆ ಚಾರ್ಜರ್, ಪಂಕ್ಚರ್ ಆದಾಗ ಕರೆಯಬೇಕಾದ ಸಂಖ್ಯೆ, ಈ ನಾಲ್ಕೂ ಕೈಗೆ ಬರುವವರೆಗೆ ಹೊರಡಬೇಡಿ.

ಹತ್ತು ನಿಮಿಷದ ಪರೀಕ್ಷೆ

ಬ್ಯಾಟರಿಯನ್ನು ಕೈಯಿಂದ ಎಳೆದು ನೋಡುವುದು ಮೊದಲ ಕೆಲಸ. ಅದು ‘ಟಕ್’ ಎಂದು ಕೂತಿರಬೇಕು. ಅಲುಗಾಡುತ್ತಿದ್ದರೆ ಹಳ್ಳ ಬಂದಾಗ ಸಂಪರ್ಕ ತಪ್ಪಿ ಮೋಟಾರು ನಿಲ್ಲುತ್ತದೆ. ಹ್ಯಾಂಡಲಿನ ಮೇಲಿನ ಪರದೆಯನ್ನು ಆನ್ ಮಾಡಿ, ದೋಷಸೂಚಕ ಸಂಖ್ಯೆಯೇನಾದರೂ ಮಿನುಗುತ್ತಿದೆಯೇ ಎಂದು ನೋಡಿ. ಟೈರನ್ನು ಹೆಬ್ಬೆರಳಿನಿಂದ ಬಲವಾಗಿ ಅದುಮಿ. ಸುಲಭವಾಗಿ ಒಳಸರಿದರೆ ಗಾಳಿ ತುಂಬಿಸಿಕೊಳ್ಳಿ, ಏಕೆಂದರೆ ಮೆತ್ತನೆಯ ಟೈರು ಪಂಕ್ಚರಿಗೂ ಆಹ್ವಾನ, ಬ್ಯಾಟರಿಗೂ ಭಾರ. ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಟ್ಟಾಗ ಕಾಲು ನೇರವಾಗುವಷ್ಟು ಎತ್ತರವಿದ್ದರೆ ಸರಿ. ಸೀಟಿನ ಕಂಬದ ಮೇಲೆ ಕೊರೆದಿರುವ ಗರಿಷ್ಠ ಎತ್ತರದ ಗೆರೆ ಹೊರಗೆ ಕಾಣುವಂತೆ ಎಳೆಯಬಾರದು.

ಬ್ರೇಕಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಹಿಡಿಯನ್ನು ಪೂರ್ತಿ ಒತ್ತಿದಾಗಲೂ ಅದು ಹ್ಯಾಂಡಲಿಗೆ ತಾಗಬಾರದು. ಬ್ರೇಕ್ ಹಿಡಿದು ಸೈಕಲ್ಲನ್ನು ಮುಂದಕ್ಕೆ ನೂಕಿದರೆ ಚಕ್ರ ಒಂದಿಷ್ಟೂ ಉರುಳಬಾರದು. ಇದು ಎಲ್ಲರೂ ನೋಡುವ ವಿಷಯ. ಆದರೆ ಯಾವ ಕೈ ಯಾವ ಚಕ್ರವನ್ನು ಹಿಡಿಯುತ್ತದೆ ಎಂಬುದನ್ನು ಬಹಳ ಜನ ನೋಡುವುದಿಲ್ಲ. ಭಾರತ, ಬ್ರಿಟನ್‌ಗಳಲ್ಲಿ ಮುಂದಿನ ಬ್ರೇಕು ಸಾಮಾನ್ಯವಾಗಿ ಬಲಗೈಗೆ ಇರುತ್ತದೆ. ಅಮೆರಿಕದಲ್ಲೂ ಯುರೋಪಿನ ಹೆಚ್ಚಿನ ಭಾಗದಲ್ಲೂ ಅದು ಎಡಗೈಗೆ. ಬಾಲ್ಯದಿಂದ ಎಡಗೈಯನ್ನು ಹಿಂದಿನ ಚಕ್ರವೆಂದು ನಂಬಿ ಒತ್ತಿದವರು ಅಲ್ಲಿ ಇಳಿಜಾರಿನಲ್ಲಿ ಅದೇ ನಂಬಿಕೆಯಿಂದ ಗಟ್ಟಿಯಾಗಿ ಒತ್ತಿದರೆ, ಡಿಸ್ಕ್ ಬ್ರೇಕು ಮುಂದಿನ ಚಕ್ರವನ್ನು ಕಚ್ಚಿ ಹಿಡಿದು ಸವಾರ ಹ್ಯಾಂಡಲಿನ ಮೇಲಿಂದ ಹಾರಿ ಬೀಳಬಹುದು. ನಿಂತಲ್ಲೇ ಒಂದೊಂದು ಹಿಡಿಯನ್ನು ಒತ್ತಿ, ಸೈಕಲ್ಲನ್ನು ಮೆಲ್ಲಗೆ ತಳ್ಳಿ, ಯಾವುದು ಯಾವುದೆಂದು ಕೈಗೇ ಪಾಠ ಮಾಡಿಸಿ. ಮೊದಲ ಅರ್ಧ ಗಂಟೆ ಎರಡೂ ಹಿಡಿಗಳನ್ನು ಒಟ್ಟಿಗೆ, ಮೆತ್ತಗೆ ಒತ್ತುವುದೇ ಕ್ಷೇಮ.

ಮೊದಲ ತುಳಿತ

ನಮ್ಮಲ್ಲಿ ಅನೇಕರಿಗೆ ಒಂದು ಕಾಲನ್ನು ಪೆಡಲಿನ ಮೇಲಿಟ್ಟು, ಇನ್ನೊಂದರಿಂದ ನೆಲವನ್ನು ಒದ್ದು, ಓಟ ಸಿಕ್ಕ ಮೇಲೆ ಕಾಲೆತ್ತಿ ಹತ್ತುವ ಅಭ್ಯಾಸವಿರುತ್ತದೆ. ಎಲೆಕ್ಟ್ರಿಕ್ ಸೈಕಲ್ಲಿನಲ್ಲಿ ಇದನ್ನು ಬಿಡಲೇಬೇಕು. ಅನೇಕ ಸೈಕಲ್ಲುಗಳಲ್ಲಿ ಪೆಡಲಿನ ಮೇಲೆ ದೇಹದ ಭಾರ ಬಿದ್ದ ಕ್ಷಣವೇ ಮೋಟಾರು ಅದನ್ನು ತುಳಿತವೆಂದು ತಿಳಿದು ಮುಂದಕ್ಕೆ ಎಳೆಯುತ್ತದೆ. ಸವಾರನ ಇನ್ನೊಂದು ಕಾಲು ಆಗ ನೆಲದ ಮೇಲೇ ಇರುತ್ತದೆ. ಬ್ರೇಕ್ ಹಿಡಿದುಕೊಂಡು ಸೈಕಲ್ಲಿನ ಎರಡೂ ಬದಿಗೆ ಕಾಲೂರಿ ನಿಂತು, ನೆರವನ್ನು ಅತ್ಯಂತ ಕೆಳಗಿನ ಹಂತಕ್ಕೆ ತಂದು, ಒಂದು ಪೆಡಲನ್ನು ಮೇಲಕ್ಕೆ ಎತ್ತಿಟ್ಟುಕೊಂಡು, ಅನಂತರ ಬ್ರೇಕ್ ಬಿಟ್ಟು ತುಳಿಯಿರಿ. ಸಿಗ್ನಲಿನಲ್ಲಿ ನಿಂತಾಗಲೂ ಬ್ರೇಕಿನ ಮೇಲೆ ಬೆರಳಿರಲಿ, ಪೆಡಲಿನ ಮೇಲೆ ಭಾರ ಬೇಡ.

ಮೋಟಾರಿಗೆ ತುಳಿತದ ಸುದ್ದಿ ತಲುಪುವ ಬಗೆ ಎರಡು. ಕಾಲು ಎಷ್ಟು ಬಲವಾಗಿ ಒತ್ತುತ್ತಿದೆ ಎಂಬುದನ್ನು ಅಳೆದು ಅದಕ್ಕೆ ತಕ್ಕಷ್ಟೇ ಬಲ ಸೇರಿಸುವುದು ಒಂದು ಬಗೆ. 1993ರಲ್ಲಿ ಜಪಾನಿನ ಯಮಹಾ ಕಂಪನಿ ಮಾರುಕಟ್ಟೆಗೆ ತಂದ ಪಾಸ್ ಎಂಬ ಸೈಕಲ್ಲಿನ ತತ್ವವೂ ಇದೇ. ಇದರಲ್ಲಿ ನಮ್ಮ ಕಾಲಿಗೇ ಬಲ ಬಂದ ಹಾಗೆ ಅನಿಸುತ್ತದೆ. ಪೆಡಲು ತಿರುಗುತ್ತಿದೆಯೋ ಇಲ್ಲವೋ ಎಂಬುದನ್ನಷ್ಟೇ ಗಮನಿಸುವುದು ಇನ್ನೊಂದು ಬಗೆ. ಇದರಲ್ಲಿ ಅರ್ಧ ಸುತ್ತು ತಿರುಗಿದ ಮೇಲೆ ಮೋಟಾರು ಒಮ್ಮೆಲೇ ನುಗ್ಗುತ್ತದೆ, ತುಳಿಯುವುದನ್ನು ನಿಲ್ಲಿಸಿದ ಮೇಲೂ ಕ್ಷಣಕಾಲ ಎಳೆಯುತ್ತಿರುತ್ತದೆ. ನಿಮ್ಮ ಕೈಗೆ ಸಿಕ್ಕಿರುವುದು ಯಾವ ಬಗೆಯದೆಂದು ತಿಳಿಯಲು ಜನರಿಲ್ಲದ ಅಂಗಳದಲ್ಲಿ ನಾಲ್ಕು ಸುತ್ತು ಹಾಕಿದರೆ ಸಾಕು. ಎರಡನೆಯ ಬಗೆಯದಾಗಿದ್ದರೆ ತಿರುವಿಗೆ ಮೊದಲೇ ತುಳಿಯುವುದನ್ನು ಬಿಡಬೇಕು, ತಿರುವಿನ ನಡುವೆ ಮತ್ತೆ ತುಳಿಯಬಾರದು.

ಎಲೆಕ್ಟ್ರಿಕ್ ಸೈಕಲ್ಲಿನ ತೂಕ ಸಾಮಾನ್ಯವಾಗಿ 20ರಿಂದ 30 ಕಿಲೋಗ್ರಾಂ. ನಿಲ್ಲಲು ಹೆಚ್ಚು ದೂರ ಬೇಕು, ಒಂದು ಬದಿಗೆ ವಾಲಿದರೆ ಕೈಯಲ್ಲಿ ತಡೆಯುವುದು ಕಷ್ಟ, ಮೆಟ್ಟಿಲು ಹತ್ತಿಸುವುದು ಇನ್ನೂ ಕಷ್ಟ. ಟ್ರಾಮ್ ಹಳಿಗಳನ್ನು ಆದಷ್ಟು ನೇರವಾಗಿ ಅಡ್ಡ ದಾಟಬೇಕು. ಓರೆಯಾಗಿ ಹೋದರೆ ಚಕ್ರ ಹಳಿಯ ಸೀಳಿನೊಳಗೆ ಸಿಕ್ಕಿಕೊಳ್ಳುತ್ತದೆ, ಮಳೆಯಲ್ಲಂತೂ ಜಾರುತ್ತದೆ. ನಿಲ್ಲುವ ಮೊದಲೇ ಗೇರನ್ನು ಸಣ್ಣದಕ್ಕೆ ಇಳಿಸಿಕೊಳ್ಳಿ, ಗೇರು ಬದಲಿಸುವ ಕ್ಷಣ ತುಳಿತವನ್ನು ಸಡಿಲಿಸಿ. ನಡು ಮೋಟಾರಿನ ಪೂರ್ತಿ ಬಲ ಚೈನಿನ ಮೇಲಿರುವಾಗ ಗೇರು ಬದಲಿಸಿದರೆ ‘ಕಟಕ್’ ಎಂಬ ಸದ್ದು ಬರುತ್ತದೆ. ಹೀಗೆ ಪದೇ ಪದೇ ಮಾಡಿದರೆ ಚೈನು ತುಂಡಾಗಲೂಬಹುದು.

ಮರಳಿ ಬರುವ ದಾರಿಯ ಲೆಕ್ಕ

ಪರದೆಯ ಮೇಲೆ ಕಾಣುವ ಕಿಲೋಮೀಟರುಗಳನ್ನು ನಾನು ನಂಬುವುದಿಲ್ಲ. ಅದಕ್ಕೆ ಕಾರಣವಿದೆ. ಒಮ್ಮೆ ಸರೋವರವೊಂದರ ದಂಡೆಯ ದಾರಿಯಲ್ಲಿ ಬೆನ್ನಿಗೆ ಗಾಳಿ ಹೊತ್ತು ಹೊರಟಿದ್ದೆ. ಬ್ಯಾಟರಿಯ ಐದು ಗೆರೆಗಳಲ್ಲಿ ಮೂರು ಉಳಿದಿದ್ದಾಗ, ಅರ್ಧಕ್ಕಿಂತ ಹೆಚ್ಚಿದೆಯಲ್ಲ ಎಂದುಕೊಂಡು ಹಿಂದಿರುಗಿದೆ. ಈಗ ಗಾಳಿ ಎದುರಿಗೆ. ಕೆಲವೇ ಕಿಲೋಮೀಟರಿನಲ್ಲಿ ಮೂರನೆಯ ಗೆರೆ ಆರಿತು. ಸಣ್ಣ ಏರೊಂದರ ನಡುವೆ ಎರಡನೆಯದೂ ಹೋಗಿ ಕೊನೆಯದು ಮಿನುಗತೊಡಗಿತು. ಉಳಿದ ದಾರಿಯಲ್ಲಿ ಸತ್ತ ಮೋಟಾರನ್ನೂ ಸತ್ತ ಬ್ಯಾಟರಿಯನ್ನೂ ನನ್ನ ಕಾಲುಗಳೇ ಹೊತ್ತು ತಂದವು, ಕತ್ತಲಾದ ಮೇಲೆ ತಲುಪಿದೆ. ಗೆರೆಗಳು ಸಮನಾಗಿ ಇಳಿಯುವುದಿಲ್ಲ, ಹೊರೆ ಹೆಚ್ಚಾದಾಗ ವೋಲ್ಟೇಜು ಕುಸಿದು ಅವು ಒಮ್ಮೆಲೇ ಬೀಳುತ್ತವೆ ಎಂಬುದು ನನಗೆ ಅಂದು ಗೊತ್ತಿರಲಿಲ್ಲ.

ಸ್ವಂತ ಲೆಕ್ಕ ಹಾಕುವುದು ಕಷ್ಟವೇನಲ್ಲ. ಬ್ಯಾಟರಿಯ ಮೇಲಿನ ಚೀಟಿಯಲ್ಲಿ ಎರಡು ಸಂಖ್ಯೆಗಳಿರುತ್ತವೆ, ಉದಾಹರಣೆಗೆ 36 ವೋಲ್ಟ್ ಮತ್ತು 14 ಆಂಪಿಯರ್-ಅವರ್. ಇವೆರಡನ್ನು ಗುಣಿಸಿದರೆ 504 ವ್ಯಾಟ್-ಅವರ್. ಇದೇ ನಿಮ್ಮ ಬುತ್ತಿ. ಸಮತಟ್ಟಾದ ದಾರಿಯಲ್ಲಿ, ಮಿತವಾದ ನೆರವಿನಲ್ಲಿ ಒಂದು ಕಿಲೋಮೀಟರಿಗೆ ಸುಮಾರು 10 ವ್ಯಾಟ್-ಅವರ್ ಖರ್ಚಾಗುತ್ತದೆ ಎಂದಿಟ್ಟುಕೊಂಡರೆ 50 ಕಿಲೋಮೀಟರ್. ಅತಿ ಹೆಚ್ಚಿನ ನೆರವಿನಲ್ಲಿ ಖರ್ಚು 20ಕ್ಕೆ ಏರಿದರೆ 25 ಕಿಲೋಮೀಟರ್. ಏರಿನ ಲೆಕ್ಕ ಬೇರೆಯೇ. ಸವಾರ ಮತ್ತು ಸೈಕಲ್ ಸೇರಿ 100 ಕಿಲೋಗ್ರಾಂ ಇದ್ದರೆ, 100 ಮೀಟರ್ ಎತ್ತರ ಏರಲು ಭೂಗುರುತ್ವವನ್ನು ಎದುರಿಸುವುದಕ್ಕೇ ಸುಮಾರು 27 ವ್ಯಾಟ್-ಅವರ್ ಶಕ್ತಿ ಬೇಕು. 400 ಮೀಟರ್ ಏರಿದರೆ 109. ಮೋಟಾರಿನಲ್ಲಿ ನಷ್ಟವಾಗುವ ಭಾಗ ಇದಕ್ಕೆ ಸೇರುತ್ತದೆ, ನಿಮ್ಮ ಕಾಲುಗಳು ಕೊಡುವ ಭಾಗ ಕಳೆಯುತ್ತದೆ. ಇಳಿಯುವಾಗ ಬ್ಯಾಟರಿ ಮತ್ತೆ ತುಂಬುತ್ತದೆ ಎಂಬ ಭರವಸೆ ಬೇಡ, ಬಾಡಿಗೆಗೆ ಸಿಗುವ ಹೆಚ್ಚಿನ ಸೈಕಲ್ಲುಗಳಲ್ಲಿ ಆ ವ್ಯವಸ್ಥೆಯೇ ಇರುವುದಿಲ್ಲ. ಚಳಿಯಲ್ಲಿ ಬ್ಯಾಟರಿಯ ಸಾಮರ್ಥ್ಯ ಕುಗ್ಗುತ್ತದೆ. ಹಳೆಯ ಬ್ಯಾಟರಿಯಲ್ಲಿ ಚೀಟಿಯ ಮೇಲಿನಷ್ಟು ಉಳಿದೇ ಇರುವುದಿಲ್ಲ. ನಾನು ಈಗ ಒಟ್ಟು ಸಾಮರ್ಥ್ಯದಲ್ಲಿ ಕಾಲು ಭಾಗವನ್ನು ಇಲ್ಲವೆಂದೇ ಭಾವಿಸಿ ಲೆಕ್ಕ ಹಾಕುತ್ತೇನೆ. ಗಾಳಿಗೆ ಎದುರಾಗಿ ಮತ್ತು ಏರುದಾರಿಯ ಕಡೆಗೆ ಮೊದಲು ಹೋಗಿ, ಮರಳುವಾಗ ಗಾಳಿಯನ್ನೂ ಇಳಿಜಾರನ್ನೂ ಜೊತೆಗಿಟ್ಟುಕೊಳ್ಳುತ್ತೇನೆ.

ಚಾರ್ಜಿಂಗ್ ಮತ್ತು ಸಾಗಣೆ

ಸೈಕಲ್ಲಿನ ಜೊತೆಗೆ ಕೊಟ್ಟ ಚಾರ್ಜರನ್ನು ಮಾತ್ರ ಬಳಸಿ. ಪಿನ್ನು ಹೊಂದಿಕೊಂಡಿತೆಂದು ಬೇರೆಯದನ್ನು ಚುಚ್ಚುವುದು ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಲು ಕಾರಣವಾಗಬಹುದು. 2 ಆಂಪಿಯರಿನ ಸಣ್ಣ ಚಾರ್ಜರಿನಲ್ಲಿ 500 ವ್ಯಾಟ್-ಅವರಿನ ಬ್ಯಾಟರಿ ತುಂಬಲು ಆರು ಗಂಟೆಗೂ ಹೆಚ್ಚು ಬೇಕು, 4 ಆಂಪಿಯರಿನದಾದರೆ ಸುಮಾರು ಅರ್ಧ ಸಮಯ. ಆದ್ದರಿಂದ ಊಟದ ವೇಳೆಯಲ್ಲಿ ಪೂರ್ತಿ ತುಂಬಿಸಿಕೊಳ್ಳುವ ಯೋಜನೆ ನಡೆಯುವಂಥದ್ದಲ್ಲ. ಕೋಣೆಯಲ್ಲಿ ಚಾರ್ಜ್ ಮಾಡಲು ವಸತಿಗೃಹದವರ ಅನುಮತಿ ಕೇಳಿ, ಎಚ್ಚರವಿರುವ ಹೊತ್ತಿನಲ್ಲಿ ಮಾಡಿ. ಹೊರಹೋಗುವ ಬಾಗಿಲಿನ ಹತ್ತಿರವೂ ಹಾಸಿಗೆಯ ಮೇಲೂ ಬೇಡ. ಬಿದ್ದು ಪೆಟ್ಟಾದ, ಉಬ್ಬಿದ, ವಿಚಿತ್ರ ವಾಸನೆ ಬರುವ ಬ್ಯಾಟರಿಗೆ ಚಾರ್ಜರ್ ಹಚ್ಚಲೇಬಾರದು. ಬಾಡಿಗೆಗೆ ಕೊಟ್ಟವರಿಗೆ ಕರೆ ಮಾಡಿ. ಹೊರಗಿನ ಕೊರೆಯುವ ಚಳಿಯಿಂದ ಒಳತಂದ ಬ್ಯಾಟರಿ ಕೋಣೆಯಷ್ಟು ಬೆಚ್ಚಗಾದ ಮೇಲೆಯೇ ಅದನ್ನು ಚಾರ್ಜಿಗೆ ಹಾಕಬೇಕು.

ಸ್ವಂತ ಎಲೆಕ್ಟ್ರಿಕ್ ಸೈಕಲ್ಲನ್ನು ವಿಮಾನದಲ್ಲಿ ಒಯ್ಯುವ ಆಸೆಯನ್ನು ಬಿಡುವುದು ಒಳ್ಳೆಯದು. ಪ್ರಯಾಣಿಕರ ವಿಮಾನಗಳಲ್ಲಿ ಸಾಮಾನ್ಯವಾಗಿ 100 ವ್ಯಾಟ್-ಅವರ್‌ವರೆಗಿನ ಲಿಥಿಯಂ ಬ್ಯಾಟರಿಗಳಿಗೆ, ವಿಮಾನ ಸಂಸ್ಥೆಯ ಒಪ್ಪಿಗೆ ಇದ್ದರೆ 160ರವರೆಗಿನವುಗಳಿಗೆ ಅವಕಾಶ. ಸೈಕಲ್ಲಿನ ಬ್ಯಾಟರಿ ಇದರ ಎರಡು ಮೂರು ಪಟ್ಟು ದೊಡ್ಡದು. ರೈಲುಗಳ ನಿಯಮ ಒಂದೊಂದು ಮಾರ್ಗಕ್ಕೆ ಒಂದೊಂದು ಬಗೆ, ಟಿಕೆಟ್ ಕೊಳ್ಳುವಾಗಲೇ ನೋಡಿಕೊಳ್ಳಬೇಕು. ಹತ್ತಿಸುವಾಗ ಬ್ಯಾಟರಿಯನ್ನು ಕಳಚಿ ಚೀಲದಲ್ಲಿಟ್ಟುಕೊಂಡರೆ ಸುಮಾರು ಮೂರು ಕಿಲೋಗ್ರಾಂ ಹಗುರವಾಗುತ್ತದೆ.

ನಿಲ್ಲಿಸುವಾಗ, ಮರಳಿಸುವಾಗ

ಬೀಗವನ್ನು ಚಕ್ರಕ್ಕಷ್ಟೇ ಹಾಕಿದರೆ ಕಳ್ಳನಿಗೆ ಚಕ್ರ ಬಿಟ್ಟು ಉಳಿದದ್ದನ್ನು ಒಯ್ಯಲು ಅಡ್ಡಿಯಿಲ್ಲ. ಚೌಕಟ್ಟನ್ನೂ ಚಕ್ರವನ್ನೂ ಸೇರಿಸಿ, ನೆಲಕ್ಕೆ ಗಟ್ಟಿಯಾಗಿ ನೆಟ್ಟಿರುವ ಕಂಬಿಗೆ ಬಿಗಿಯಿರಿ. ಕಳಚಬಹುದಾದ ಪರದೆ ಇದ್ದರೆ ಜೇಬಿಗೆ ಹಾಕಿಕೊಳ್ಳಿ. ಕುರುಡರೂ ಗಾಲಿಕುರ್ಚಿಯವರೂ ಓಡಾಡುವ ದಾರಿಗೆ ಅಡ್ಡವಾಗಿ ಎಂದೂ ನಿಲ್ಲಿಸಬೇಡಿ, ಆಪ್ ಅದಕ್ಕೆ ಅನುಮತಿ ಕೊಟ್ಟರೂ ಕೂಡ.

ಸಾರ್ವಜನಿಕ ಸೈಕಲ್ಲನ್ನು ಕೊಂಡಿಗೆ ನೂಕಿದ ಮೇಲೆ ಹಸಿರು ದೀಪ ಅಥವಾ ‘ಬೀಪ್’ ಸದ್ದು ಬರುವವರೆಗೆ ಕಾಯಿರಿ, ಒಮ್ಮೆ ಹಿಂದಕ್ಕೆ ಎಳೆದು ನೋಡಿ, ಆಪ್‌ನಲ್ಲಿ ಸವಾರಿ ಮುಗಿದಿದೆ ಎಂಬ ಸಾಲನ್ನು ಕಣ್ಣಾರೆ ಓದಿ. ಮುಗಿಯದ ಸವಾರಿಯ ಲೆಕ್ಕ ರಾತ್ರಿಯೆಲ್ಲ ಓಡುತ್ತಿರುತ್ತದೆ. ನಿಲ್ದಾಣದ ಸಂಖ್ಯೆ ಮತ್ತು ಬೀಗ ಬಿದ್ದ ಸೈಕಲ್ ಎರಡೂ ಕಾಣುವಂತೆ ಒಂದು ಚಿತ್ರ ತೆಗೆದಿಟ್ಟುಕೊಂಡು, ತಡೆಹಿಡಿದ ಠೇವಣಿ ಕಾರ್ಡಿಗೆ ಮರಳುವವರೆಗೂ ಅದನ್ನು ಅಳಿಸದಿರಿ. ಅಂಗಡಿಯ ಸೈಕಲ್ಲಾದರೆ ಮುಚ್ಚುವ ಸಮಯಕ್ಕೆ ಅರ್ಧ ಗಂಟೆ ಮೊದಲೇ ತಲುಪಿ, ಬೆಳಿಗ್ಗೆ ತೆಗೆದ ಚಿತ್ರಗಳನ್ನು ಎದುರಿಗಿಟ್ಟುಕೊಂಡು ಒಟ್ಟಿಗೆ ಪರಿಶೀಲಿಸಿ. ಬ್ರೇಕು ಸಡಿಲವಾಗಿದ್ದರೆ, ಗೇರು ಜಾರುತ್ತಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಿ. ನಾಳೆ ಅದೇ ಸೈಕಲ್ ಹತ್ತುವವರಿಗೆ ಅದು ಗೊತ್ತಿರುವುದಿಲ್ಲ.